ಹುಲ್ಲಹಳ್ಳಿಗೆ ಬಂದ ಅಮ್ಮಿಂಗ್ ಬೋರ್ಡು

ಹುಲ್ಲಹಳ್ಳಿ ಹೋಬಳಿಯಲ್ಲಿ ಗುರುಮಲ್ಲಪ್ಪನವರಷ್ಟು ಹುಳ ಕೊಂದವರು ಇನ್ನೊಬ್ಬರಿಲ್ಲ. ಹಾಗಂತ ಅವರು ಕ್ರೂರಿಯೇನಲ್ಲ. ಕೈಯಾರೆ ಒಂದು ಸೊಳ್ಳೆ ಹೊಡೆಯಬೇಕಾದರೂ ಮೊದಲು 'ಶಿವಶಿವಾ' ಅಂದು, ಅಷ್ಟರಲ್ಲಿ ಸೊಳ್ಳೆ ಹಾರಿಹೋಗಿ, ಆಮೇಲೆ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳುವ ಜೀವ. ಆದರೆ ಬಸ್‌ಸ್ಟ್ಯಾಂಡಿನ ಎದುರಿಗೆ ಅವರದೊಂದು ಗೊಬ್ಬರ ಮತ್ತು ಔಷಧಿ ಅಂಗಡಿ. ಔಷಧಿ ಅಂದರೆ ಮನುಷ್ಯರಿಗಲ್ಲ, ಬೆಳೆಗೆ. ಭತ್ತಕ್ಕೆ ಹುಳ ಬೀಳಲಿ, ಕಬ್ಬಿಗೆ ಬೀಳಲಿ, ಬದನೆಗೆ ಬೀಳಲಿ, ಆ ಹುಳದ ತಿಥಿಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತಿತ್ತು.

ಇಂಥವರಿಗೆ ಚಿಟ್ಟೆ ನೋಡುವ ಹುಚ್ಚು ಹಿಡಿಯಿತು ಅಂದರೆ ಯಾರು ನಂಬುತ್ತಾರೆ? ಯಾರೂ ನಂಬಲಿಲ್ಲ. ಅವರ ಹೆಂಡತಿ ಮಂಗಳಗೌರಿಯಂತೂ ಮೊದಲ ವಾರ, 'ಇವರು ಪಕ್ಕದ ಮನೆಯ ಕಡೆ ಏನು ನೋಡ್ತಾರೆ' ಅಂತ ಕಿಟಕಿಯಿಂದ ಕಾವಲು ಕಾದರು.

ತಪ್ಪು ಬಿ.ಪಿ.ಯದು. ನಂಜನಗೂಡಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಊದಿ, ಮುಖ ಸಿಂಡರಿಸಿ, "ಉಪ್ಪು ಬಿಡಿ, ಕೋಪ ಬಿಡಿ, ದಿನಾ ಬೆಳಗ್ಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಹಸಿರು ನೋಡಿ" ಅಂದರು. ಉಪ್ಪು ಬಿಡಲು ನಾಲಿಗೆ ಒಪ್ಪಲಿಲ್ಲ. ಕೋಪ ಬಿಡಲು ಗಿರಾಕಿಗಳು ಬಿಡಲಿಲ್ಲ. ಉಳಿದದ್ದು ಹಸಿರು. ಹಿತ್ತಿಲಿನಲ್ಲಿ ಅವರಿಗೂ ಪಕ್ಕದ ಮನೆಯ ಚಿಕ್ಕಬಸಪ್ಪನಿಗೂ ನಡುವಿನ ಗಡಿಯ ಮೇಲೆ ಒಂದು ದಾಸವಾಳದ ಪೊದೆಯಿತ್ತು. ಪೊದೆಯೆಂದರೆ ಸಾಮಾನ್ಯ ಪೊದೆಯಲ್ಲ. ಒಳಗೆ ಒಂದು ಎಮ್ಮೆ ನಿಂತರೂ ಹೊರಗೆ ಬಾಲ ಕಾಣದಷ್ಟು ದಟ್ಟ. ಅದರ ಕಾಲಡಿ ಗೊರಟೆ, ಮಗ್ಗುಲಲ್ಲಿ ಯಾರೂ ಕರೆಯದೆ ಬಂದ ಲಂಟಾನ. ಗುರುಮಲ್ಲಪ್ಪನವರು ಅದರೆದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಫಿ ಲೋಟ ಹಿಡಿದು ಕೂತರು. ಕೂತವರು ಏಳಲೇ ಇಲ್ಲ ಅನ್ನಿ.

ಆಷಾಢದ ಗಾಳಿಯಲ್ಲಿ ಚಿಟ್ಟೆಗಳು ಹೂವಿಗೆ ಗುರಿಯಿಟ್ಟು ಹೊರಟು ಒಗೆದ ಪಂಚೆಯ ಮೇಲೆ ಇಳಿಯುವುದನ್ನು ಕಂಡರು. ದಸರೆ ಕಳೆದು ಬಿಸಿಲು ಎಳೆಯದಾದಾಗ ಹಿಂಡು ಹಿಂಡಾಗಿ ಬಂದವು. ಧನುರ್ಮಾಸದ ಚಳಿಯಲ್ಲಿ ಹೊತ್ತೇರುವ ತನಕ ರೆಕ್ಕೆ ಬಿಡಿಸಿಕೊಂಡು ಎಲೆಯ ಮೇಲೆ ಬಿಸಿಲು ಕಾಯಿಸುತ್ತಿದ್ದವು. ಗುರುಮಲ್ಲಪ್ಪನವರೂ ಶಾಲು ಬಿಡಿಸಿಕೊಂಡು ಅವುಗಳ ಜೊತೆಗೇ ಕಾಯಿಸಿಕೊಂಡರು. ಪುಸ್ತಕದಲ್ಲಿರುವ ಚಿಟ್ಟೆಯ ಹೆಸರು ಯಾವುದೂ ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ತಾವೇ ನಾಮಕರಣ ಮಾಡಿದರು. ಎಲ್ಲ ಹೂವಿನ ಮೇಲೂ ಕೂತು, ಯಾವುದೂ ಒಪ್ಪದೆ, ಮತ್ತೆ ಮೊದಲನೆಯ ಹೂವಿಗೇ ಬರುವ ಹಳದಿ ಚಿಟ್ಟೆಗೆ 'ಸೀರೆ ಅಂಗಡಿ ಮಂಗಳಗೌರಿ'. ಕಪ್ಪು ಕೋಟು ತೊಟ್ಟವರ ಗತ್ತಿನಲ್ಲಿ ಬಂದು, ಉಳಿದವನ್ನೆಲ್ಲ ಓಡಿಸಿ, ಒಳ್ಳೆಯ ಹೂವಿಗೇ ಅಂಟಿಕೊಳ್ಳುವ ದೊಡ್ಡ ಚಿಟ್ಟೆಗೆ 'ಷಡ್ಡಕ'.

ಅಂಗಡಿಯ ವ್ಯಾಪಾರ ಮಾತ್ರ ಕೆಟ್ಟಿತು. ರೈತರು ಎಲೆಗೆ ಅಂಟಿದ ಕಂಬಳಿಹುಳ ತಂದು ತೋರಿಸಿ "ಔಷಧಿ ಕೊಡಿ ಸಾವ್ಕಾರ್ರೆ" ಅಂದರೆ, ಇವರು ಕನ್ನಡಕ ಹಾಕಿಕೊಂಡು, "ಅರೆ, ಇದು ಯಾವ ಬಣ್ಣದ ಚಿಟ್ಟೆ ಆಗ್ತದೋ! ಒಂದೆರಡು ವಾರ ತಡಿ ಕಣಯ್ಯ, ನೋಡಣ" ಅನ್ನುತ್ತಿದ್ದರು. ರೈತ ಪಕ್ಕದ ಅಂಗಡಿಗೆ ಹೋಗುತ್ತಿದ್ದ.

ಶಿವರಾತ್ರಿ ಆದ ಮೇಲೆ ಪೊದೆಗೆ ಹೊಸ ಅತಿಥಿಯೊಂದು ಬಂತು. ಹೆಬ್ಬೆರಳಿನಷ್ಟು ಗಾತ್ರ, ನವಿಲಿನ ಕತ್ತಿನಂತೆ ಮಿರಮಿರ ಬಣ್ಣ, ಸೂಜಿಯಂತೆ ಬಾಗಿದ ಕೊಕ್ಕು. ದಾಸವಾಳದ ಮುಂದೆ ಗಾಳಿಯಲ್ಲೇ ನಿಂತು, ರೆಕ್ಕೆ ಬಡಿಯುತ್ತ, ಕೊಕ್ಕು ತೂರಿಸಿ ಮಕರಂದ ಹೀರಿತು. ಗುರುಮಲ್ಲಪ್ಪನವರ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಹಿಂದಿನ ರಾತ್ರಿಯಷ್ಟೇ ಟಿ.ವಿ.ಯಲ್ಲಿ ಇಂಥದ್ದೇ ಹಕ್ಕಿಯನ್ನು ನೋಡಿದ್ದರು. ಮಾತೆಲ್ಲ ಇಂಗ್ಲಿಷು, ಅವರಿಗೆ ತಿಳಿದದ್ದು ಎರಡೇ ಪದ.

"ಹಮ್ಮಿಂಗ್ ಬರ್ಡು! ಗೌರೀ, ಹಮ್ಮಿಂಗ್ ಬರ್ಡು ಬಂದದೆ!"

ಮಂಗಳಗೌರಿ ಸೌಟು ಹಿಡಿದು ಬಂದು ನೋಡಿದರು. "ಇದಾ? ಇದು ನಮ್ಮ ತವರುಮನೇಲೂ ಬರ್ತಿತ್ತು ಕಣ್ರೀ. ಇದಕ್ಕೆ ಇಂಗ್ಲಿಷ್ ಹೆಸರು ಬೇರೆ ಇಟ್ರಾ?" ಅಂದು ಒಳಗೆ ಹೋದರು. ಒಗ್ಗರಣೆ ಸೀಯುತ್ತಿತ್ತು.

ಮಾತು ಅಲ್ಲಿಗೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗುರುಮಲ್ಲಪ್ಪನವರಿಗೆ ಒಬ್ಬ ಷಡ್ಡಕ ಇದ್ದರು, ಚಿಟ್ಟೆಯಲ್ಲ, ನಿಜವಾದವರು. ಮಂಗಳಗೌರಿಯ ತಂಗಿ ರಮ್ಯಳ ಗಂಡ ನಂಜುಂಡೇಶ್. ಮೈಸೂರಿನಲ್ಲಿ ಬ್ಯಾಂಕ್ ಮ್ಯಾನೇಜರು. ತೋಳುದ್ದದ ಲೆನ್ಸಿನ ಕ್ಯಾಮೆರಾ ಇಟ್ಟುಕೊಂಡು ಪ್ರತಿ ಭಾನುವಾರ ಹಕ್ಕಿಯ ಫೋಟೋ ತೆಗೆಯುವವರು; ತೆಗೆದದ್ದನ್ನು ಸೋಮವಾರದಿಂದ ಶನಿವಾರದ ತನಕ ಬಂಧುಬಳಗದ ವಾಟ್ಸಾಪಿಗೆ ಹಾಕುವವರು. ಅವರ ಮನೆಯ ನಾಮಕರಣವೊಂದರಲ್ಲಿ ಎಲೆಯ ಮುಂದೆ ಕೂತಾಗ ಅವರು ರಂಗನತಿಟ್ಟು, ಕಬಿನಿ ಅಂತ ಶುರು ಮಾಡಿದರು. ಪಾಯಸ ಬರುವಷ್ಟರಲ್ಲಿ ಗುರುಮಲ್ಲಪ್ಪನವರಿಗೆ ತಡೆಯಲಾಗಲಿಲ್ಲ.

"ಅದೆಲ್ಲ ದೂರ ಹೋಗಿ ನೋಡೋದು ಬಿಡಪ್ಪ. ನಮ್ಮ ಹಿತ್ತಿಲಿಗೇ ಹಮ್ಮಿಂಗ್ ಬರ್ಡ್ ಬರ್ತದೆ."

ನಂಜುಂಡೇಶ್ ಪಾಯಸದ ಕೈಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿದರು. ಆಮೇಲೆ ಬೆಣ್ಣೆಯಂಥ ನಗು ನಕ್ಕರು. "ಹೌದಾ ಅಣ್ಣ? ಹಮ್ಮಿಂಗ್ ಬರ್ಡಾ? ಹಾಗಾದ್ರೆ ನಾನು ಬಂದು ಫೋಟೋ ತೆಗೀಲೇಬೇಕು. ಲೋಕವೇ ನಿಮ್ಮ ಹಿತ್ತಿಲ ಕಡೆ ತಿರುಗಿ ನೋಡುತ್ತೆ." ಆ ನಗುವಿನಲ್ಲಿ ಸೂಜಿಯಿದ್ದುದು ಮಂಗಳಗೌರಿಗೆ ಕಂಡಿತು. ಗುರುಮಲ್ಲಪ್ಪನವರಿಗೆ ಕಂಡದ್ದು ಲೋಕ ತಿರುಗಿ ನೋಡುವುದಷ್ಟೇ.

ಊರಿಗೆ ಬಂದರೆ ಸಿಡಿಲು ಕಾದಿತ್ತು. ಚಿಕ್ಕಬಸಪ್ಪ ಹಗ್ಗ ಹಿಡಿದು ಪೊದೆಯ ಅಗಲ ಅಳೆಯುತ್ತಿದ್ದ.

"ಗುರುಮಲ್ಲಣ್ಣ, ಬನ್ನೂರಿಂದ ನಮ್ ಬಾಮೈದ ಟ್ರ್ಯಾಕ್ಟ್ರು ಕಳುಸ್ತಾವ್ನೆ. ಇಲ್ಲಿ ಶೆಡ್ ಆಕ್ಬೇಕು. ಸೋಮಾರ ಜೆಸಿಬಿ ಬತ್ತದೆ, ಈ ಪೊದೆ ಎತ್ತಾಕ್ಬುಡ್ತೀನಿ."

"ಅಯ್ಯೋ, ಅರ್ಧ ಪೊದೆ ನಮ್ಮ ಕಡೆಗದೆ ಕಣೋ!"

"ನಿಮ್ಮರ್ಧ ನೀವು ಇಟ್ಕಳಿ, ನಾನೇನ್ ಬ್ಯಾಡ ಅಂದ್ನಾ?"

ಜೆಸಿಬಿಗೆ ಅರ್ಧದ ಲೆಕ್ಕ ತಿಳಿಯುತ್ತದೆಯೇ? ಗುರುಮಲ್ಲಪ್ಪನವರು ಕೈ ಮುಗಿದರು, ಚಿಟ್ಟೆಯ ಕತೆ ಹೇಳಿದರು, ಬಿ.ಪಿ.ಯ ಕತೆ ಹೇಳಿದರು. ಚಿಕ್ಕಬಸಪ್ಪ ಹಗ್ಗ ಸುತ್ತಿಕೊಂಡು, "ಚಿಟ್ಟೆ ಬೇಕಾರೆ ಶೆಡ್ಡಿನ್ ಮ್ಯಾಲೆ ಬಂದು ಕೂತ್ಕಳ್ಲಿ" ಅಂದು ಹೋದ. ಆ ರಾತ್ರಿ ಗುರುಮಲ್ಲಪ್ಪನವರು ಮುದ್ದೆ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟರು. "ಆ ಪೊದೆ ಹೋದ್ರೆ ನಾನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಗೌರಿ?" ಅಂತ ಕೇಳಿದರು. ಕಣ್ಣಲ್ಲಿ ನೀರು ನಿಜವಾಗಿಯೂ ಬಂದಿತ್ತು. ಮಂಗಳಗೌರಿ ತಮಾಷೆ ಮಾಡಲಿಲ್ಲ. ಇನ್ನೊಂದು ಸೌಟು ಸಾರು ಬಡಿಸಿದರು.

ಗುರುಮಲ್ಲಪ್ಪನವರ ತಲೆಗೆ ಒಂದೇ ಉಪಾಯ ಹೊಳೆಯಿತು. ಸೋಮವಾರದೊಳಗೆ ಷಡ್ಡಕ ಬಂದು ಹಕ್ಕಿಯ ಫೋಟೋ ತೆಗೆದು ಪೇಪರಿಗೆ ಕೊಟ್ಟರೆ ಪೊದೆ ಲೋಕಪ್ರಸಿದ್ಧ. ಲೋಕಪ್ರಸಿದ್ಧ ಪೊದೆಗೆ ಜೆಸಿಬಿ ಹಾಕುವ ಧೈರ್ಯ ಯಾರಿಗಿದೆ? ಬೆಳಗ್ಗೆಯೇ ಚಲುವಯ್ಯನ ಟೀ ಹೋಟೆಲಿಗೆ ಹೋದರು. ಅವರ ಫೋನಿಗೆ ಸಿಗ್ನಲ್ ಸಿಗುವುದು ಆ ಹೋಟೆಲಿನ ಬೋಂಡಾ ಬಾಣಲೆಯ ಪಕ್ಕದಲ್ಲಿ ಮಾತ್ರ. ಅಲ್ಲಿ ನಿಂತು, ಎಣ್ಣೆಯ ಸದ್ದಿಗಿಂತ ಜೋರಾಗಿ ಕೂಗಿದರು.

"ನಂಜುಂಡೇಶಾ! ಹಮ್ಮಿಂಗ್ ಬರ್ಡು ಬಂದದೆ! ಹಾಂ, ನಮ್ಮ ಬೇಲಿಗೇ! ಭಾನುವಾರ ಬಂದ್ಬುಡು, ಕ್ಯಾಮೆರಾ ಸ್ಟ್ಯಾಂಡು ಎಲ್ಲಾ ತಗೊಂಡು ಬಾ! ಸೋಮವಾರ ಆದ್ರೆ ಎಲ್ಲಾ ಜೆಸಿಬಿ ಪಾಲು!"

ಚಲುವಯ್ಯ ಬೋಂಡಾ ತಿರುವುವುದನ್ನು ನಿಲ್ಲಿಸಿದ. ಅವನ ಕಿವಿಗೆ ಬಿದ್ದದ್ದು ಇಷ್ಟು: ಅಮ್ಮಿಂಗ್ ಬೋರ್ಡು ಬಂದಿದೆ, ಬೇಲಿಯ ತನಕ ಬಂದಿದೆ, ಭಾನುವಾರ ಕ್ಯಾಮೆರಾ ಇಟ್ಟು ಸರ್ವೆ, ಸೋಮವಾರ ಜೆಸಿಬಿ. ನಂಜನಗೂಡಿನ ಸೀಮೆಯಲ್ಲಿ ಹುಟ್ಟಿದವನಿಗೆ ಬೋರ್ಡು ಅಂದರೆ ಬಿಡಿಸಿ ಹೇಳಬೇಕೆ? ಯಾವುದಾದರೂ ಬೋರ್ಡು ಬಂತು ಅಂದರೆ ಯಾರದಾದರೂ ಜಮೀನು ಹೋಯಿತು, ಪರಿಹಾರ ಬಂತು ಅಂತಲೇ ಅರ್ಥ. ಆದರೂ ಖಚಿತ ಮಾಡಿಕೊಳ್ಳೋಣವೆಂದು ಟೀ ಕೈಗಿಟ್ಟು ಮೆಲ್ಲಗೆ ಕೇಳಿದ.

"ಸಾವ್ಕಾರ್ರೆ, ಅಮ್ಮಿಂಗ್ ಬೋರ್ಡು ಬಂದದಂತೆ?"

ಊರಿನಲ್ಲಿ ಒಬ್ಬನಾದರೂ ಆಸಕ್ತಿಯಿಂದ ಕೇಳಿದನಲ್ಲ ಅಂತ ಗುರುಮಲ್ಲಪ್ಪನವರ ಮುಖ ಅರಳಿತು. ಅವನ ಉಚ್ಚಾರಣೆಯನ್ನು ಅವರು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಳ್ಳಿಯವರು, ಪಾಪ. "ಬಂದದೆ ಕಣಯ್ಯ! ಶಿವರಾತ್ರಿ ಆದಾಗಿಂದ ಬರ್ತಾನೇ ಅದೆ. ಮೊದಲು ನಮ್ಮ ಕಡೆ ನೋಡ್ತದೆ, ಆಮೇಲೆ ಚಿಕ್ಕಬಸಪ್ಪನ ಕಡೆಗೆ ಹೋಗ್ತದೆ."

"ಏನ್ ನೋಡ್ತದೆ ಸಾ?"

"ಹೂವು! ಹೂವಿದ್ದ ಕಡೆಗೆ ಮಾತ್ರ ಬರೋದು. ಹೂವಿಲ್ಲ ಅಂದ್ರೆ ತಿರುಗೀನೂ ನೋಡಲ್ಲ."

"ನಮ್ಗೇನಾದ್ರೂ ಕೊಡ್ತದಾ?"

"ಕೊಡೋದೆಲ್ಲಿ ಬಂತು? ಹೀರ್ಕೊಂಡು ಹೋಗ್ತದೆ."

"ಎಲ್ಲಾ ಬೋರ್ಡೂ ಅಂಗೇಯ" ಅಂದ ಚಲುವಯ್ಯ, ನಿಟ್ಟುಸಿರು ಬಿಟ್ಟು.

"ಅದು ಕೆಲಸ ಮಾಡೋ ರೀತಿ ನೋಡಬೇಕು ಕಣಯ್ಯ! ನಿಂತಲ್ಲೇ ನಿಂತಿರ್ತದೆ, ಆದ್ರೆ ಒಂದು ಗಳಿಗೆ ಬಿಡುವಿಲ್ದಂಗೆ ಒದ್ದಾಡ್ತಿರ್ತದೆ. ಒಂದಿಂಚು ಮುಂದಕ್ಕೆ ಹೋಗಲ್ಲ. ಹೋದ್ರೂ ಹಿಂದಕ್ಕೇ ಹೋಗೋದು!"

"ಅಂಗಾರೆ ಸರ್ಕಾರದ್ದೇ ಸಾ, ಅನುಮಾನಾನೇ ಬ್ಯಾಡ" ಅಂದು ಚಲುವಯ್ಯ ಬಾಣಲೆಯ ಕಡೆ ತಿರುಗಿದ. ಬೋಂಡಾ ಕಪ್ಪಾಗಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಹತ್ತು ಗಂಟೆಯ ಬಸ್ಸಿಗೆ ಸುದ್ದಿ ಚಿಕ್ಕಯ್ಯನಛತ್ರ ತಲುಪಿತು. ಸಂಜೆಗೆ ಹೊಳೆ ದಾಟಿ ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಿತು. ಹಿಂದೊಮ್ಮೆ ರಸ್ತೆಗೆ ಜಮೀನು ಹೋದಾಗ ತೆಂಗಿನ ಮರ ಇದ್ದವರಿಗೆ ಪರಿಹಾರ ಹೆಚ್ಚು ಸಿಕ್ಕಿದ್ದನ್ನು ಊರು ಮರೆತಿರಲಿಲ್ಲ. ಈ ಬೋರ್ಡು ಹೂವು ನೋಡುತ್ತದಂತೆ! ತೆಂಗಾದರೆ ಬೆಳೆಯಲು ವರ್ಷಗಳು ಬೇಕು, ಹೂವಿನ ಗಿಡ ನರ್ಸರಿಯಲ್ಲೇ ಅರಳಿದ್ದು ಸಿಗುತ್ತದಲ್ಲ? ಎರಡು ದಿನದಲ್ಲಿ ಹುಲ್ಲಹಳ್ಳಿಯಲ್ಲಿ ಹೂವಿಲ್ಲದ ಜಾಗ ಉಳಿಯಲಿಲ್ಲ. ಗದ್ದೆಯ ಬದುವಿಗೆ ಚೆಂಡುಹೂ, ತಿಪ್ಪೆಯ ಸುತ್ತ ಸೇವಂತಿಗೆ. ಚಲುವಯ್ಯ ಹೋಟೆಲಿನ ಎಣ್ಣೆ ಡಬ್ಬಗಳಲ್ಲೆಲ್ಲ ಕಾಶಿತುಂಬೆ ನೆಟ್ಟ. ಗುರುಮಲ್ಲಪ್ಪನವರು ದಾರಿಯುದ್ದಕ್ಕೂ ನೋಡಿ, "ಊರಿಗೇ ಚಿಟ್ಟೆಯ ಹುಚ್ಚು ಹಿಡೀತು ಗೌರಿ, ಒಬ್ಬ ಒಳ್ಳೇದು ಮಾಡಿದ್ರೆ ಹಂಗೇ ಹರಡ್ತದೆ" ಅಂತ ಎದೆ ಉಬ್ಬಿಸಿದರು.

ಹೆಂಗಸರ ಸಂಘದಲ್ಲಿ ಬೇರೆಯೇ ವ್ಯಾಖ್ಯಾನ ನಡೆದಿತ್ತು. "ಅಮ್ಮಿಂಗ್ ಬೋರ್ಡು ಅಂದ್ರೆ ಅಮ್ಮಂದಿರ ಬೋರ್ಡು. ಎಂಗಸ್ರಿಗೆ ಬಂದಿರೋದ್ನ ಈ ಗಂಡಸ್ರು ಮುಚ್ಚಿಡ್ತಾವ್ರೆ" ಅಂತ ಸಂಘದ ರಾಣಿ ಸಾರಿದಳು. ಶನಿವಾರ ಬೆಳಗ್ಗೆ ಮಂಗಳಗೌರಿಯ ಜಗಲಿಯ ಮೇಲೆ ಆಧಾರ್ ಕಾರ್ಡಿನ ಜೆರಾಕ್ಸ್ ಹಿಡಿದ ಅಮ್ಮಂದಿರು ಸಾಲು ನಿಂತರು. ಮಂಗಳಗೌರಿಗೆ ತಲೆಬುಡ ತಿಳಿಯಲಿಲ್ಲ. ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ಬೋರ್ಡಿನ ಮೊದಲ ಕಂತು ಬಂತು ಅಂತ ಅವರು ಸಮಾಧಾನವಾಗಿ ಹೋದರು.

ಅತ್ತ ಚಿಕ್ಕಬಸಪ್ಪ ಜೆಸಿಬಿಯವನಿಗೆ ಫೋನು ಮಾಡಿ, "ಬರ್ಬ್ಯಾಡ ಕಣ್ಲಾ, ಬಂದ್ರೆ ಕಾಲ್ ಮುರೀತೀನಿ" ಅಂದಿದ್ದ. ಊರಿಗೆಲ್ಲ ದೊಡ್ಡ ಹೂವಿನ ಪೊದೆ ಯಾವುದು? ಅದೇ. ಗಡಿಯ ಮೇಲಿರುವುದು. ಮೊನ್ನೆ ಕಿತ್ತೆಸೆಯುತ್ತೇನೆ ಅಂದವನು ಈಗ ಅದರ ಪಕ್ಕ ಚಾಪೆ ಹಾಸಿಕೊಂಡು ಕಾವಲು ಕೂತ. ಶೆಡ್ಡಿಗೆಂದು ಹದ ಮಾಡಿದ್ದ ಜಾಗದಲ್ಲಿ ಸೇವಂತಿಗೆ ಹಾಕಿದ. ಗುರುಮಲ್ಲಪ್ಪನವರು ಕುರ್ಚಿ ತಂದರೆ, "ಆ ಕಡೆ ಸರ್ಕಳಣ್ಣ, ಇದು ನಮ್ ಪೊದೆ" ಅಂದ. ಅವರಿಗೆ ಕೋಪ ಬರಲಿಲ್ಲ, ಸಂತೋಷವೇ ಆಯಿತು. ಹಕ್ಕಿಯ ಮಹಿಮೆ!

ಭಾನುವಾರ ನಂಜುಂಡೇಶ್ ಬಂದರು. ಎಲೆಯ ಚಿತ್ರದ ಮಿಲ್ಟ್ರಿ ಜಾಕೆಟ್ಟು, ಅಗಲ ಅಂಚಿನ ಟೋಪಿ, ಹೆಗಲ ಮೇಲೆ ಮೂರು ಕಾಲಿನ ಸ್ಟ್ಯಾಂಡು. ಮೂರು ಕಾಲಿನ ಸ್ಟ್ಯಾಂಡು ಕಂಡದ್ದೇ ಊರಿಗೆ ಉಳಿದಿದ್ದ ಒಂದು ಚೂರು ಸಂಶಯವೂ ಹೋಯಿತು. ಸರ್ವೆಯವರಲ್ಲದೆ ಇನ್ಯಾರು ಹಿಡಿಯುತ್ತಾರೆ ಅದನ್ನು? ಕಾರು ಇಳಿದವರ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಹಿತ್ತಿಲಿನಲ್ಲಿ ನೂರಾರು ಜನ. ನಂಜುಂಡೇಶ್ ಷಡ್ಡಕನ ಕಿವಿಯಲ್ಲಿ, "ಏನಣ್ಣ ಇದು, ಊರನ್ನೇ ಸೇರಿಸಿದೀರಿ?" ಅಂದರು.

"ಎಲ್ಲಾ ಹಕ್ಕಿ ಪ್ರೇಮಿಗಳು" ಅಂದರು ಗುರುಮಲ್ಲಪ್ಪನವರು, ಹೆಮ್ಮೆಯಿಂದ.

ನಂಜುಂಡೇಶ್ ಸ್ಟ್ಯಾಂಡು ಬಿಡಿಸಿ ಪೊದೆಗೆ ಗುರಿಯಿಟ್ಟರು. "ಶ್! ಸದ್ದು ಮಾಡಬೇಡಿ. ಹಿಂದೆ ಸರೀರಿ" ಅಂದರು. ಜನ ಹಿಂದೆ ಸರಿದರು. ಎಲ್ಲಿ ಸರಿದರೆ ಎಷ್ಟು ಪರಿಹಾರ ಕೈತಪ್ಪುತ್ತದೋ ಎಂದು ಇಬ್ಬರು ಸರಿಯಲೊಪ್ಪದೆ ತೆವಳಿಕೊಂಡು ಮುಂದೆ ಬಂದರು. ಅಷ್ಟರಲ್ಲಿ ಸ್ಕೂಟರ್ ಸದ್ದಾಯಿತು. ಗ್ರಾಮ ಆಡಳಿತ ಅಧಿಕಾರಿ ತೇಜಸ್ವಿನಿ ಬಂದರು. ರಜಾ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದವರನ್ನು ಮೇಲಿನಿಂದ ಫೋನು ಬಂದು ಎಬ್ಬಿಸಿತ್ತು. ಮುಖದಲ್ಲಿ ಎಣ್ಣೆಯೂ ಇತ್ತು, ಸಿಟ್ಟೂ ಇತ್ತು.

"ಯಾರ್ರೀ ಸರ್ವೆ ಮಾಡ್ತಿರೋದು? ಯಾವ ಬೋರ್ಡು? ನಮ್ಮ ಆಫೀಸಿಗೆ ಒಂದು ನೋಟೀಸಿಲ್ಲ!"

"ನಾನು ಹಮ್ಮಿಂಗ್ ಬರ್ಡ್ ನೋಡೋಕೆ ಬಂದೆ ಮೇಡಂ" ಅಂದರು ನಂಜುಂಡೇಶ್, ಗಾಬರಿಯಾಗಿ.

"ಅದೇ ಕೇಳ್ತಿರೋದು. ಹಮ್ಮಿಂಗ್ ಬೋರ್ಡ್ ಯಾವ ಇಲಾಖೆಗೆ ಬರುತ್ತೆ?"

"ಇಲಾಖೆಗಾ? ಅದು ಹೂವಿಗೆ ಬರುತ್ತೆ ಮೇಡಂ."

"ತೋಟಗಾರಿಕೆನಾ? ಸರಿ. ಈ ಪೊದೆ ಯಾರ ಹದ್ದುಬಸ್ತಿನಲ್ಲಿದೆ?"

ಹದ್ದುಬಸ್ತು ಅನ್ನುವ ಪದ ಬಿದ್ದದ್ದೇ ಚಿಕ್ಕಬಸಪ್ಪ ಜನರನ್ನು ಸೀಳಿಕೊಂಡು ಮುಂದೆ ಬಂದ. "ನಮ್ದು ಮೇಡಮ್ಮು! ಪೂರ್ತಿ ನಮ್ದು! ಇದು ನಮ್ಮಪ್ಪ ಕೈಯಾರೆ ನೆಟ್ಟಿದ್ದು. ಸಾಯೋ ದಿನದ್ ಗಂಟ ನೀರ್ ಉಯ್ದವ್ರೆ. ಉಸ್ರು ಬುಡೋ ಮುಂಚೆ ನನ್ ಕೈ ಇಡ್ಕಂಡು, 'ಬಸಪ್ಪ, ಈ ಗಿಡ ಬುಡಬ್ಯಾಡ ಕಣ್ಲಾ' ಅಂದವ್ರೆ! ನಂಜುಂಡೇಶ್ವರನ್ ಆಣೆಗೂ!" ಅಂದು ನಂಜನಗೂಡಿನ ದಿಕ್ಕಿಗೆ ತಿರುಗಿ ಕೈ ಮುಗಿದ. ಊರೆಲ್ಲ ಕೇಳಿಸಿಕೊಂಡಿತು.

ಗುರುಮಲ್ಲಪ್ಪನವರು ಬಾಯಿ ತೆರೆದರು. ಆ ಪೊದೆ ಹುಟ್ಟಿದ್ದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆಂದು ಮಂಗಳಗೌರಿ ಒಂದು ದಾಸವಾಳದ ಗೂಟ ನೆಟ್ಟಿದ್ದರು. ಗೂಟ ಚಿಗುರಿತು, ಅಷ್ಟೇ. ಆದರೆ ಮಂಗಳಗೌರಿ ಹಿಂದಿನಿಂದ ಅವರ ಅಂಗಿ ಎಳೆದು, "ಸುಮ್ನಿರಿ. ಆಣೆ ಇಡ್ಲಿ ಬಿಡಿ" ಅಂದರು. ಗುರುಮಲ್ಲಪ್ಪನವರು ಬಾಯಿ ಮುಚ್ಚಿದರು. ಹೆಂಡತಿ ಅಂಗಿ ಎಳೆದಾಗ ಬಾಯಿ ಮುಚ್ಚಿ ಅವರು ಎಂದೂ ಕೆಟ್ಟವರಲ್ಲ.

ಆಗಲೇ ಹಕ್ಕಿ ಬಂತು.

ಮಿರಮಿರ ಮಿಂಚುತ್ತ ಬಂದು, ನೂರಾರು ಜನರನ್ನು ಒಂದು ಕಾಸಿಗೂ ಲೆಕ್ಕಿಸದೆ, ದಾಸವಾಳದ ಮುಂದೆ ನಿಂತು ಕೊಕ್ಕು ತೂರಿಸಿತು. "ನೋಡು! ನೋಡಪ್ಪ!" ಅಂತ ಗುರುಮಲ್ಲಪ್ಪನವರು ಕುಣಿದರು. ನಂಜುಂಡೇಶ್ ಕ್ಯಾಮೆರಾದಿಂದ ಕಣ್ಣು ತೆಗೆದು, ವಾರದಿಂದ ಕೂಡಿಟ್ಟ ನಗುವನ್ನೆಲ್ಲ ಒಟ್ಟಿಗೇ ನಕ್ಕರು.

"ಅಣ್ಣಾ, ಇದು ಸೂರಕ್ಕಿ! ಬೀದಿ ಬೀದೀಲೂ ಇರುತ್ತೆ! ಹಮ್ಮಿಂಗ್ ಬರ್ಡು ಅಮೆರಿಕಾ ಖಂಡ ಬಿಟ್ರೆ ಎಲ್ಲೂ ಇಲ್ಲ!"

"ಅಮೇರಿಕದ್ದಾ!" ಚಿಕ್ಕಬಸಪ್ಪನ ಕಣ್ಣು ಹಿಗ್ಗಿತು. "ಲೇ, ಬೋರ್ಡು ಅಮೇರಿಕದ್ದಂತೆ ಕಣ್ರಲಾ! ಡಾಲರ್‌ನಲ್ಲಿ ಕೊಡ್ತಾರೆ!" ಜನ ಶಿಳ್ಳೆ ಹೊಡೆದರು. ಯಾರೋ ಜೈಕಾರ ಹಾಕಿದರು.

"ಯಾವ ಬೋರ್ಡ್ರೀ? ಬರ್ಡು, ಬರ್ಡು! ಹಕ್ಕಿ ಕಣ್ರೀ, ಹಕ್ಕಿ!" ಅಂತ ನಂಜುಂಡೇಶ್ ಕಿರುಚಿದರು.

ಶಿಳ್ಳೆ ಅರ್ಧಕ್ಕೆ ನಿಂತಿತು. ತೇಜಸ್ವಿನಿ ಹಕ್ಕಿಯನ್ನು ನೋಡಿದರು, ಸ್ಟ್ಯಾಂಡು ನೋಡಿದರು, ಊರು ನೋಡಿದರು. "ಇದಕ್ಕೆ ನಾನು ತಲೆಗೆ ನೀರು ಹಾಕ್ಕೊಳ್ಳದೆ ಬಂದೆನಾ?" ಅಂದು ಸ್ಕೂಟರ್ ಹತ್ತಿ ಹೊರಟೇಹೋದರು. ಆಗ ಊರಿನ ಕಣ್ಣೆಲ್ಲ ಗುರುಮಲ್ಲಪ್ಪನವರ ಮೇಲೆ ಬಿತ್ತು. ಅವರಿಗೆ ಆ ಪೊದೆಯೊಳಗೇ ಎಮ್ಮೆಯಂತೆ ನಿಂತುಬಿಡೋಣ ಅನ್ನಿಸಿತು.

"ನಾನು ಹಕ್ಕಿ ಅಂತಾನೇ ಹೇಳಿದ್ದು ಕಣ್ರಪ್ಪ" ಅಂದರು ಕ್ಷೀಣವಾಗಿ.

"ಇದನ್ನ ಈಗ್ಲೇ ಗ್ರೂಪಿಗೆ ಹಾಕ್ತೀನಿ ಅಣ್ಣ, ಬಂಧುಗಳೆಲ್ಲ ನೋಡ್ಲಿ" ಅಂತ ನಂಜುಂಡೇಶ್ ಮೊಬೈಲು ತೆಗೆದರು.

ಮಂಗಳಗೌರಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ಹಾಕಿ ನಂಜುಂಡೇಶ್ ಅವ್ರೆ. ಹೆಸರು ಏನಾದ್ರೂ ಇರ್ಲಿ, ಅದು ನಮ್ಮ ಹಿತ್ತಿಲಿಗೆ ತಾನಾಗೇ ಬರ್ತದೆ. ನಿಮ್ಮ ಅಪಾರ್ಟ್‌ಮೆಂಟಿಗೆ ಬರೋದು ಪಾರಿವಾಳ. ಅದೂ ಏನು ಮಾಡೋಕೆ ಬರ್ತದೆ ಅಂತ ನಿಮ್ಮ ಕಾರು ನೋಡಿದ್ರೆ ಗೊತ್ತಾಗ್ತದೆ." ನಂಜುಂಡೇಶ್ ಮೊಬೈಲು ಜೇಬಿಗಿಟ್ಟರು.

ಆದರೆ ಪೊದೆಯ ಗ್ರಹಚಾರ ಮುಗಿದಿರಲಿಲ್ಲ. "ಒಂದ್ ಅಕ್ಕಿಗೋಸ್ಕರ ನಾನು ಜೆಸಿಬಿ ಬ್ಯಾಡ ಅಂದ್ನಲ್ಲಪ್ಪಾ! ಶೆಡ್ ಜಾಗಕ್ಕೆ ಸ್ಯಾವಂತ್ಗೆ ಆಕ್ಬುಟ್ನಲ್ಲಾ!" ಅಂತ ಚಿಕ್ಕಬಸಪ್ಪ ಎದೆ ಬಡಿದುಕೊಂಡು, ಮನೆಯೊಳಗೆ ನುಗ್ಗಿ ಮಚ್ಚು ಹಿಡಿದು ಬಂದ. "ಜೆಸಿಬಿ ಯಾಕೆ, ಈಗ್ಲೇ ಕಡ್ದಾಕ್ತೀನಿ!"

ಗುರುಮಲ್ಲಪ್ಪನವರು ಓಡಿಹೋಗಿ ಪೊದೆಗೆ ಅಡ್ಡ ನಿಂತರು. "ಬೇಡ ಕಣೋ ಬಸಪ್ಪ! ನನ್ನ ಬೈಯಿ, ಹೊಡಿ, ಊರೆಲ್ಲ ನಗ್ಲಿ. ಇದನ್ನ ಮಾತ್ರ ಕಡೀಬೇಡ!"

"ಸರ್ಕಳಿ ಅಣ್ಣ!" ಚಿಕ್ಕಬಸಪ್ಪ ಮಚ್ಚು ಎತ್ತಿದ.

"ಲೇ!"

ಕೂಗಿದ್ದು ಚಿಕ್ಕಬಸಪ್ಪನ ತಾಯಿ ಶಿವನಂಜಮ್ಮ. ಕೋಲೂರಿಕೊಂಡು, ಜನರನ್ನು ಸರಿಸಿಕೊಂಡು ಬಂದಳು. ಮಗನನ್ನು ನೋಡಲೂ ಇಲ್ಲ. ನೇರ ಪೊದೆಯ ಹತ್ತಿರ ಹೋಗಿ ಒಂದು ಕೊಂಬೆಯನ್ನು ಸವರಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಇದು ನಿಮ್ಮಪ್ಪ ನೆಟ್ಟಿದ್ದಾ ಬಸಪ್ಪ? ಸಾಯೋ ಮುಂಚೆ ನಿನ್ ಕೈ ಇಡ್ಕಂಡು ಏಳಿದ್ರಾ? ನನ್ಗೆ ಒಂದ್ ಮಾತು ಏಳಿರ್ನಿಲ್ವಲ್ಲ ಆ ಪುಣ್ಯಾತ್ಮ! ಇಷ್ಟ್ ವರ್ಸ ಇದ್ರು ಮ್ಯಾಲೆ ಚಾಪೆ ಒಣಾಕ್ದೆ ಕಣಪ್ಪ, ಗೊತ್ತಿಲ್ದೆ!"

ಚಿಕ್ಕಬಸಪ್ಪನ ಮಚ್ಚು ಗಾಳಿಯಲ್ಲೇ ನಿಂತಿತು, ಥೇಟ್ ಸೂರಕ್ಕಿಯ ಹಾಗೆ. "ಅದು... ಅವ್ವಾ... ಅದು ನಾನು..."

"ಯಾಕ್ಲಾ? ನಂಜುಂಡೇಶ್ವರನ್ ಆಣೆ ಇಟ್ಟು ಏಳ್ದಲ್ಲ, ಸುಳ್ಳಾ?"

ಬೋರ್ಡು ಸುಳ್ಳಾಗಬಹುದು, ಡಾಲರ್ ಸುಳ್ಳಾಗಬಹುದು; ಹುಲ್ಲಹಳ್ಳಿಯಲ್ಲಿ ನಿಂತು ನಂಜುಂಡೇಶ್ವರನ ಆಣೆ ಸುಳ್ಳು ಅಂತ ಹೇಳುವ ಗಂಡು ಇನ್ನೂ ಹುಟ್ಟಿಲ್ಲ. ಚಿಕ್ಕಬಸಪ್ಪ ಎತ್ತಿದ ಮಚ್ಚನ್ನು ಕೆಳಗಿಳಿಸಿದ. "ನಿಜ ಅವ್ವ" ಅಂದ.

"ಮತ್ತೆ ಮಚ್ಚ್ ಯಾಕ್ಲಾ ಇಡ್ಕಂಡಿದ್ದೀಯೆ?"

"ಒಣಗಿದ್ ಕಡ್ಡಿ... ಒಣಗಿದ್ ಕಡ್ಡಿ ತೆಗ್ಯೋಣಾಂತ."

"ಮಚ್ಚ್ ಮಡಗಿ ನೀರ್ ತತ್ತಾ ಓಗು" ಅಂದಳು ಶಿವನಂಜಮ್ಮ. ಚಿಕ್ಕಬಸಪ್ಪ ಬಿಂದಿಗೆ ತರಲು ಹೋದ. ಗುರುಮಲ್ಲಪ್ಪನವರು ಅಲ್ಲೇ ನೆಲದ ಮೇಲೆ ಕೂತು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು.

ಅಂದಿನಿಂದ ಪೊದೆಗೆ ದಿನಾ ಅರಿಶಿನ ಕುಂಕುಮ, ಸೋಮವಾರಕ್ಕೊಂದು ತೆಂಗಿನಕಾಯಿ. ಚಿಕ್ಕಬಸಪ್ಪನ ಟ್ರ್ಯಾಕ್ಟರು ಬೀದಿಯಲ್ಲೇ ಮಳೆಗೆ ನೆನೆಯಿತು. ಅವನೋ ಬೆಳಗ್ಗೆ ಬೆಳಗ್ಗೆ ನೀರು ಹುಯ್ಯುತ್ತ, ಹುಯ್ಯುತ್ತ, ಅಲ್ಲೇ ಒಂದು ಕಲ್ಲಿನ ಮೇಲೆ ಕೂರತೊಡಗಿದ. ಊರವರು ಬೋರ್ಡಿಗೆಂದು ನೆಟ್ಟ ಹೂವುಗಳು ಕೀಳುವವರಿಲ್ಲದೆ ಮೈತುಂಬ ಅರಳಿದವು. ದಸರೆ ಕಳೆದ ಮೇಲೆ ಬಂದ ಚಿಟ್ಟೆಗಳಿಗೆ ಲೆಕ್ಕವಿಲ್ಲ; ಚಲುವಯ್ಯನ ಬೋಂಡಾದ ಮೇಲೂ ಕೂತವು. ಬೇಲಿಯ ಆಚೆಯಿಂದ ಒಮ್ಮೊಮ್ಮೆ ಚಿಕ್ಕಬಸಪ್ಪನ ಪಿಸುಮಾತು ಕೇಳುತ್ತಿತ್ತು: "ಗುರುಮಲ್ಲಣ್ಣ, ನಿಮ್ ಷಡ್ಡಕ ಬಂದವ್ನೆ, ನೋಡಿ."

ಸೂರಕ್ಕಿಯೂ ಮತ್ತೆ ಶಿವರಾತ್ರಿಗೆ ಬಂತು. ಆದರೆ ಹುಲ್ಲಹಳ್ಳಿಯಲ್ಲಿ ಅದನ್ನು ಸೂರಕ್ಕಿ ಅನ್ನುವವರು ಈಗ ಒಬ್ಬರೂ ಇಲ್ಲ. ದೊಡ್ಡವರಿಂದ ಚಿಕ್ಕವರ ತನಕ ಎಲ್ಲರಿಗೂ ಅದು ಬೋರ್ಡು. 'ಬೋರ್ಡು ಕೂಗ್ತಾ ಅದೆ', 'ಗಂಡ್ ಬೋರ್ಡು ಓಯ್ತು, ಎಣ್ ಬೋರ್ಡು ಬಂತು'. ಈ ಸಲ ಅದು ಪೊದೆಯಲ್ಲೇ ಜೇಡರಬಲೆ, ಒಣಗಿದ ಎಲೆ, ಮಂಗಳಗೌರಿಯ ಸೀರೆಯ ದಾರ ಎಲ್ಲ ಸೇರಿಸಿ ಕಸದ ಚೀಲದಂಥ ಗೂಡನ್ನೂ ನೇತುಹಾಕಿತು.

ಆ ದಿನಗಳಲ್ಲೇ ಒಂದು ಬೆಳಗ್ಗೆ ಊರಿಗೆ ಬಿಳಿ ಜೀಪೊಂದು ಬಂತು. ಹಾರನ್ ಹೊಡೆಯುತ್ತ ಚಲುವಯ್ಯನ ಹೋಟೆಲಿನ ಮುಂದೆ ನಿಂತಿತು. ಕೈಯಲ್ಲಿ ಫೈಲು, ಕೊರಳಲ್ಲಿ ಐ.ಡಿ. ಕಾರ್ಡು ಇದ್ದ ಸಾಹೇಬರೊಬ್ಬರು ತಲೆ ಹೊರಗೆ ಹಾಕಿ, "ಏನಪ್ಪಾ, ನಾವು ಬೋರ್ಡಿನ ಕಡೆಯಿಂದ ಬಂದಿದೀವಿ. ನಮ್ಮ ಬೋರ್ಡಿನ ವಿಷಯ ಈ ಊರಲ್ಲಿ ಯಾರಿಗಾದ್ರೂ ಗೊತ್ತಾ?" ಅಂತ ಕೇಳಿದರು.

ಚಲುವಯ್ಯ ಬೋಂಡಾ ತಿರುವುತ್ತಲೇ ಹೇಳಿದ: "ಗೊತ್ತಿಲ್ದೆ ಏನ್ ಸಾ? ಚಿಕ್ಕಬಸಪ್ಪನ ಬೇಲೀಲಿ ಮೊಟ್ಟೆ ಇಟ್ಟು ಕಾವು ಕೂತದೆ. ಆರನ್ ವಡೀಬ್ಯಾಡಿ, ಎದ್ದೋಗ್ಬುಡ್ತದೆ."